ಗಿರಮಲ್ಲಪ್ಪನ ಉದ್ದ ಕಾಗದಗಳು

ಗಿರಮಲ್ಲಪ್ಪ ಕಾಗದ ಬರೆಯಲು ಕೂತನೆಂದರೆ ನಮ್ಮ ಪೇಢಿಯಲ್ಲಿ ಉಳಿದವರೆಲ್ಲ ಚಹಾ ಕುಡಿದು, ಎಲೆ ಅಡಿಕೆ ಜಗಿದು, ಪೇಟೆಯನ್ನು ಒಂದು ಸುತ್ತು ಹಾಕಿ ಬರಬಹುದಿತ್ತು. ಬಂದಾಗಲೂ ಅವನು 'ಇತ್ತ ನಾವೆಲ್ಲರೂ ಕ್ಷೇಮ' ಎಂಬಲ್ಲೇ ಇರುತ್ತಿದ್ದ. ಹುಬ್ಬಳ್ಳಿಯ ವ್ಯಾಪಾರಿಗೆ 'ಹಸಿರು ದಡಿಯ ಸೀರೆ ಮುಗಿದಿವೆ' ಎಂದು ತಿಳಿಸುವುದಿದ್ದರೂ ಮೊದಲು ಆ ವ್ಯಾಪಾರಿಯ ತಾಯಿಯ ಮಂಡಿನೋವು ವಿಚಾರಿಸಿ, ಅವರ ಕಡೆಯ ಮಳೆಯ ಬಗ್ಗೆ ಕೇಳಿ, ಕೊನೆಗೆ ಸೀರೆಗೆ ಬರುತ್ತಿದ್ದ. ಅಷ್ಟು ಹೊತ್ತಿಗೆ ಓದುವವನಿಗೆ ಸೀರೆಯ ಆಸೆಯೇ ಹೋಗಿರುತ್ತಿತ್ತು.

ನಾನು ದುರಗೇಶ. ಬನಹಟ್ಟಿಯ ಈ ಸೀರೆ ಪೇಢಿಯಲ್ಲಿ, ಅಂದರೆ ಸಗಟು ಅಂಗಡಿಯಲ್ಲಿ, ಗಂಟು ಕಟ್ಟಿ ಊರೂರಿಗೆ ಕಳಿಸುವುದು ನನ್ನ ಕೆಲಸ, ಕಂಪ್ಯೂಟರಿನ ಮುಂದೆ ಕೂರುವುದು ಗಿರಮಲ್ಲಪ್ಪನ ಕೆಲಸ. ನನ್ನ ಮೇಜು ಅವನ ಮೇಜಿಗೆ ತಾಗಿಕೊಂಡೇ ಇರುವುದರಿಂದ ಮುಂದೆ ಆದದ್ದಕ್ಕೆಲ್ಲ ನಾನೇ ಸಾಕ್ಷಿ. ಸಾಕ್ಷಿ ಹೇಳು ಎಂದು ಯಾರೂ ಕರೆದಿಲ್ಲ, ಆ ಮಾತು ಬೇರೆ.

ಪಕ್ಕದ ಪೇಢಿಯ ಕಂಪ್ಯೂಟರಿಗೆ ಯಾವುದೋ ವೈರಸ್ಸು ಹೊಕ್ಕು ಅವರ ಸೀರೆಯ ಫೋಟೋಗಳೆಲ್ಲ ಹಾಳಾದವು. ಪೇಢಿಯ ಮಾಲೀಕರಾದ ನಮ್ಮ ಸಾವಕಾರರಿಗೆ ದಿಗಿಲಾಯಿತು. "ಗಿರಮಲ್ಲಪ್ಪ, ಏನರ ಬಂದೋಬಸ್ತ್ ಮಾಡು" ಎಂದರು. ಗಿರಮಲ್ಲಪ್ಪ ಜಮಖಂಡಿಗೆ ಹೋಗಿ ಫೈರ್‌ವಾಲ್ ಎಂಬ ಪೆಟ್ಟಿಗೆಯೊಂದನ್ನು ತಂದ. ಅಂಗಡಿಯವರು "ನಾವ ಬಂದು ಕೂಡಿಸಿ ಕೊಡ್ತೇವ್ರಿ" ಎಂದರೆ "ಏನ್ ಬ್ಯಾಡ್ರಿ, ನನಗ ಎಲ್ಲಾ ಗೊತ್ತೈತಿ" ಎಂದು ಹೇಳಿ ಬಂದಿದ್ದ. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಈ ಪೆಟ್ಟಿಗೆ ಬಾಗಿಲು ಕಾಯುತ್ತದೆ. ಒಳಗಿನವರು ಯಾರನ್ನು ಮಾತಾಡಿಸಿದರು ಎಂಬುದನ್ನು ನೆನಪಿಟ್ಟುಕೊಂಡು, ಅವರಿಂದ ಉತ್ತರ ಬಂದರೆ ಒಳಗೆ ಬಿಡುತ್ತದೆ. ಕರೆಯದೆ ಬಂದವರನ್ನು ಆಚೆಗೆ ತಳ್ಳುತ್ತದೆ.

ಪೆಟ್ಟಿಗೆ ಕೂಡಿಸುವಾಗ ಪರದೆಯ ಮೇಲೆ ಸಾಲಾಗಿ ಪ್ರಶ್ನೆಗಳು ಬಂದವು. ಗಿರಮಲ್ಲಪ್ಪ ಎಲ್ಲಕ್ಕೂ 'ಹೌದು' ಎಂದು ಒತ್ತುತ್ತ ಹೋಗಿ ಒಂದು ಕಡೆ ಗಕ್ಕನೆ ನಿಂತ. ದೋಷದ ಸಂದೇಶಗಳು ಹೊರಗಿನಿಂದ ಬಂದರೆ ಒಳಗೆ ಬಿಡಬೇಕೇ ಎಂದು ಪೆಟ್ಟಿಗೆ ಕೇಳುತ್ತಿತ್ತು.

ಗಿರಮಲ್ಲಪ್ಪನದು ನೇಕಾರರ ಮನೆ. ಮಗ್ಗಕ್ಕೆ ಹೊಸ ಹಾಸು ನೂಲು ಏರಿಸುವ ದಿನ ಆ ಮನೆಯಲ್ಲಿ ಯಾರೂ 'ಎಳೆ ಹರಿಯಿತು' ಎನ್ನಕೂಡದು. ಕಣ್ಣೆದುರಿಗೇ ಹರಿದು ಜೋತಾಡುತ್ತಿದ್ದರೂ 'ಎಳಿ ಹೆಚ್ಚಾತು' ಎನ್ನಬೇಕು. ಆ ಹೊತ್ತಿನಲ್ಲಿ ದೋಷದ ಮಾತು ಕಿವಿಗೆ ಬಿದ್ದರೆ ಇಡೀ ಸೀರೆಗೆ ದೋಷ ತಗಲುತ್ತದೆ ಎಂದು ಅವನ ಅವ್ವ ಅನಸವ್ವ ಕಲಿಸಿದ್ದಳು.

"ನೋಡ ದುರಗೇಶಾ, ಹೊಸಾ ಪೆಟಗಿ, ಮುಂಜಾನಿ ಹೊತ್ತು, ದೋಷದ ಸುದ್ದಿ ಒಳಗ ಬಿಡ್ಲೇನಂತ ಕೇಳಾಕತ್ತೈತಿ. ಬುದ್ಧಿ ಇದ್ದಾಂವ ಯಾವನರ ಹೂಂ ಅಂತಾನನು?"

"ನನಗೇನ ತಿಳೀತೈತೊ ಅಣ್ಣಾ" ಎಂದೆ.

ಅವನು 'ಬೇಡ' ಎಂಬುದನ್ನು ಒತ್ತಿ, ಪೆಟ್ಟಿಗೆಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದ.

ಅದೇ ಹೊತ್ತಿಗೆ ಅವನ ಮಗಳು ಪ್ರತಿಮಾಳಿಗೆ ಸಂಬಂಧವೊಂದು ಕೂಡಿ ಬಂದಿತ್ತು. ಪ್ರತಿಮಾ ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಹುಡುಗ ಅಜಯ ಬಾಡಗಂಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಹುಡುಗನಿಗೆ ಹುಡುಗಿ, ಹುಡುಗಿಗೆ ಹುಡುಗ ಮನಸಾರೆ ಒಪ್ಪಿಗೆಯಾಗಿ, ನಿಶ್ಚಯದ ಶಾಸ್ತ್ರಕ್ಕೊಂದು ದಿನ ಗೊತ್ತು ಮಾಡುವುದಷ್ಟೇ ಉಳಿದಿತ್ತು. ಅಜಯನ ತಂದೆ ಬೀಳಗಿಯ ಸಿದ್ದಾರೂಢ ಮಾಸ್ತರರು, ರಿಟಾಯರಾದ ಹೆಡ್‌ಮಾಸ್ತರರು. ಅವರದೊಂದು ಕರಾರು ಇತ್ತು.

"ಬೀಗರ ಮಾತು ಏನಿದ್ದರೂ ಬರವಣಿಗಿಯೊಳಗ ಇರಲಿ. ಈಮೇಲ್ ಹಾಕ್ರಿ. ಬಾಯಿಮಾತು ನಾಳಿಗೆ ಯಾರದೂ ಅಲ್ಲ."

ಗಿರಮಲ್ಲಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ತಾವಾಗಿ ಕಾಗದ ಬರೆಯಿರಿ ಎಂದು ಅವನಿಗೆ ಹೇಳಿದವರು ಜನ್ಮದಲ್ಲಿ ಅವರೊಬ್ಬರೇ. ಪೇಢಿಯ ಕಂಪ್ಯೂಟರಿನ ಮುಂದೆ ಕೂತು ಮೊದಲ ಕಾಗದ ಬರೆದ. ಮಾಸ್ತರರ ವಿದ್ವತ್ತು, ಬೀಳಗಿಯ ನೀರು, ಎರಡೂ ಮನೆತನದ ಹಿರಿಯರು, ಎಲ್ಲ ಅದರಲ್ಲಿ ಬಂದರು. ಕಳಿಸುವ ಗುಂಡಿ ಒತ್ತಿದ. ಪರದೆಯ ಮೇಲೆ 'ಕಳುಹಿಸಲಾಗುತ್ತಿದೆ' ಎಂದು ಮೂಡಿ ಚಕ್ರವೊಂದು ತಿರುಗತೊಡಗಿತು.

"ಹೊಂಟಿತು" ಎಂದು ಗಿರಮಲ್ಲಪ್ಪ ಕೈ ಮುಗಿದ.

"ಇನ್ನೂ ತಿರಗಾಕತ್ತೈತಲ್ಲೊ ಅಣ್ಣಾ?"

"ಬೀಳಗಿ ಮುಟ್ಟೂದು ಅಂದ್ರ ಏನ ತಿಳದೀ? ಜಮಖಂಡಿ ದಾಟಿ ಹೋಗಬೇಕು" ಎಂದು ಪರದೆ ಆರಿಸಿ ಮನೆಗೆ ಹೋದ.

ಉತ್ತರ ಬರಲಿಲ್ಲ. ಕಾದು ಕಾದು, ಒಂದೇ ಶಬ್ದದ ಇನ್ನೊಂದು ಕಾಗದ ಹಾಕಿದ: 'ತಲುಪಿತೇ?' ಆ ಮಧ್ಯಾಹ್ನವೇ ಮಾಸ್ತರರ ಉತ್ತರ ಬಂತು: 'ತಲುಪಿತು.'

ಗಿರಮಲ್ಲಪ್ಪ ಹಿಗ್ಗಿ ಪೇಢಿಗೆಲ್ಲ ಚಹಾ ಹೇಳಿದ. ಆದರೆ ಬೀಳಗಿಗೆ ತಲುಪಿದ್ದು ಆ ಒಂದು ಶಬ್ದ ಮಾತ್ರ. ಇದು ಆಗ ನಮಗೆ ಗೊತ್ತಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ. ಗಿಡ್ಡ ಕಾಗದ ಸರಾಗವಾಗಿ ಹೋಗುತ್ತಿತ್ತು, ಉದ್ದ ಕಾಗದ ಅಲ್ಲೇ ಗಿರಗಿರ ತಿರುಗುತ್ತ ಕೂರುತ್ತಿತ್ತು. ಪರಿಚಯವಿಲ್ಲ, ನಮಸ್ಕಾರವಿಲ್ಲ, 'ತಲುಪಿತೇ?' ಎಂದು ಒಬ್ಬ ಬೀಗನಿಂದ ಪ್ರಶ್ನೆ ಬಂದರೆ ಆ ಹೆಡ್‌ಮಾಸ್ತರರು ಏನೆಂದುಕೊಂಡಿರಬೇಕು, ನೀವೇ ಹೇಳಿ.

ಆದರೂ ಅವರು ದೊಡ್ಡ ಮನಸ್ಸು ಮಾಡಿ ಬರೆದರು: 'ಬರುವ ವಾರ ನಮ್ಮ ಹಿರಿಯರು ಶಾಸ್ತ್ರದ ದಿನ ಗೊತ್ತು ಮಾಡಲು ತಮ್ಮ ಮನೆಗೆ ಬರಬಹುದೇ?'

ಗಿರಮಲ್ಲಪ್ಪ ಆನಂದದಿಂದ ನಾಕು ಪುಟ ಬರೆದ. ತಮ್ಮ ಪಾದಧೂಳಿಯಿಂದ ನಮ್ಮ ಮನೆ ಪಾವನವಾಗಲಿ ಎಂದು ಶುರುವಾಗಿ, ಹೋಳಿಗೆಯ ಬಗ್ಗೆಯೇ ಒಂದು ಪುಟ ಇತ್ತು. ಅದನ್ನು ಕಳಿಸಿದ ಮೇಲೆ ಏನೋ ನೆನಪಾಗಿ ಹಿಂದಿನಿಂದ ಇನ್ನೊಂದು ಸಣ್ಣ ಕಾಗದ ಹಾಕಿದ: 'ಅಂದ ಹಾಗೆ ನಮ್ಮ ಮನೆಯಲ್ಲಿ ನಾಯಿ ಇದೆ. ನೋಡಿಕೊಂಡು ಬರುವುದು.'

ಬೀಳಗಿಗೆ ಮುಟ್ಟಿದ್ದು ನಾಯಿ ಮಾತ್ರ.

ಮರುದಿನ ಸಂಜೆ ನಾನು ಗಿರಮಲ್ಲಪ್ಪನ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಪ್ರತಿಮಾ ಒಳಗಿನಿಂದ ಬಂದಳು. ಅವಳೂ ಅಜಯನೂ ಫೋನಿನಲ್ಲಿ ಮಾತಾಡುವ ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಗೊತ್ತಿದೆ ಎನ್ನುತ್ತಿರಲಿಲ್ಲ.

"ಅಪ್ಪಾ, ಹಿರ್ಯಾರು ಬರಲೇನು ಅಂತ ಕೇಳಿದ್ರ ನೀ ನಾಯಿ ಐತಿ ಅಂತ ಬರದೀಯಂತ?"

"ಬರದೇನಿ. ಐತಲ್ಲ."

"ಅಷ್ಟ ಬರದೀಯಂತ."

"ಅಷ್ಟ? ನಾಕ ಪುಟ ಬರದೇನಿ! ಹೋಳಿಗಿದ ಒಂದ ಪುಟ ಐತಿ! ಕೇಳ ಬೇಕಾರ ದುರಗೇಶನ್ನ!"

"ಅವರಿಗೆ ಮುಟ್ಟೇ ಇಲ್ಲಂತಪ್ಪಾ. ಭಾಳ ಸಿಟ್ಟಾಗ್ಯಾರಂತ."

"ಮುಟ್ಟೇತಿ ಅಂತ ಅವರ ಕೈಯಾರೆ ಬರದಾರ, ತೋರಸ್ಲೇನು?" ಎಂದು ಗಿರಮಲ್ಲಪ್ಪ ಸ್ವಲ್ಪ ಹೊತ್ತು ಯೋಚಿಸಿ ಮುಗುಳ್ನಕ್ಕ. "ತಿಳೀತು. ಹೆಡ್‌ಮಾಸ್ತರ ಅದಾರಲ್ಲ, ಪರೀಕ್ಷಾ ಮಾಡಾಕತ್ತಾರ. 'ಸವಿಸ್ತಾರವಾಗಿ ಉತ್ತರಿಸಿ' ಅಂತ ಅದರ ಅರ್ಥ."

ಅವನ ಹೆಂಡತಿ ಮಾದೇವಿ ಒಳಗಿನಿಂದಲೇ ಕೂಗಿದಳು: "ಏನ್ರಿ, ನೀವು ಬರಿಯೂದ ಬಿಟ್ಟು ಒಮ್ಮಿ ಎದ್ದು ಹೋಗಿ ಬರ್ರಿ!"

"ಬರವಣಿಗಿ ಬೇಕಂದವರ ಮನಿಗೆ ಬರಿಗೈಲೆ ಹೆಂಗ ಹೋಗ್ಲಿ?" ಎಂದು ಅವನು ಇನ್ನೂ ಉದ್ದದ ಕಾಗದ ಬರೆಯಲು ಪೇಢಿಗೆ ಹೊರಟೇ ಹೋದ.

ಇತ್ತ ಪೇಢಿಯಲ್ಲೂ ಗದ್ದಲ ಎದ್ದಿತ್ತು. ವ್ಯಾಪಾರಿಗಳಿಗೆ ಕಳಿಸಿದ ಸೀರೆಯ ಫೋಟೋ ಒಂದೂ ಮುಟ್ಟುತ್ತಿರಲಿಲ್ಲ. ಸಾವಕಾರರು ಪರದೆಯ ಮುಂದೆ ನಿಂತು "ಜರಿ ಭಾಳ ಆತೇನೊ, ಜರಿ ಇಲ್ಲದ ಸೀರಿ ಹಚ್ಚಿ ನೋಡು" ಎಂದರು. ಅದೂ ಹೋಗಲಿಲ್ಲ. "ಮಡಚಿ ಫೋಟೋ ತಗಿ, ಸಣ್ಣದಾಗತೈತಿ" ಎಂದರು. ಮಡಚಿದ್ದೂ ಹೋಗಲಿಲ್ಲ. ಕಡೆಗೆ ಇಂಟರ್ನೆಟ್ಟಿನವರ ಸಾಹೇಬರನ್ನು ಕರೆಸಿದೆವು. ಅವರು ಕೂತು ಒಂದು ಸಣ್ಣ ಸಂದೇಶ ಹೊರಗೆ ಬಿಟ್ಟರು, ಅದು ಹೋಗಿ ಮುಟ್ಟಿ ಉತ್ತರ ತಂದಿತು.

"ನೋಡ್ರಿ, ಹೋತು, ಬಂತು. ಲೈನ್ ಛಲೋ ಐತಿ."

"ಫೋಟೋ ಹೋಗವಲ್ವಲ್ರಿ ಸಾಹೇಬ್ರ?"

"ಲೈನ್ ಛಲೋ ಐತ್ರಿ."

"ಹಂಗಾರ ಫೋಟೋ ಯಾಕ ಹೋಗವಲ್ವು?"

"ಅದನ್ನ ಫೋಟೋಕ್ಕ ಕೇಳ್ರಿ. ನಾ ಲೈನಿನವ" ಎಂದು ಸಾಹೇಬರು ನಮ್ಮದೇ ಚಹಾ ಕುಡಿದು ಹೋದರು.

ಅಜಯನಿಗೆ ಅವರಪ್ಪ ಹುಡುಗಿಯೊಂದಿಗೆ ಫೋನಿನ ಮಾತು ಬಂದ್ ಮಾಡಿಸಿದ್ದು ಆಗಲೇ. ಅಷ್ಟರೊಳಗೆ ಪ್ರತಿಮಾಳ ಮಾತಿನಿಂದ, ಉದ್ದ ಕಾಗದ ಮಾತ್ರ ಮುಟ್ಟುತ್ತಿಲ್ಲವೆಂದು ಹುಡುಗನಿಗೆ ಹೊಳೆದಿತ್ತು. ಪಾಪ, ಅವನು ತನ್ನ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಅಮಸಿದ್ದಪ್ಪನೆಂಬ ಹಿರಿಯನ ಕೈಕಾಲು ಹಿಡಿದು ನಮ್ಮ ಪೇಢಿಗೆ ಅಟ್ಟಿದ. ಅಮಸಿದ್ದಪ್ಪ ಬೆವರೊರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ.

"ಗಿರಮಲ್ಲಪ್ಪನವರು ನೀವಽ ಏನ್ರಿ? ನಿಮ್ಮ ಕಾಗದದ ಬಗ್ಗೆ ಒಂದ ಮಾತಿತ್ತು. ಅದರಾಗ ಒಂಚೂರು ದೋಷ..."

ದೋಷ ಎಂಬ ಮಾತು ಕೇಳಿದ್ದೇ ಗಿರಮಲ್ಲಪ್ಪನ ಹುಬ್ಬು ಮೇಲೆ ಹೋಯಿತು. "ನೀವು ಬೀಳಗಿಯವರೇನು?"

"ಅಲ್ರಿ, ಬಾಡಗಂಡಿ."

"ಬಾಡಗಂಡಿಗೆ ನಾ ಏನರ ಬರದೇನನು?"

"ಇಲ್ರಿ."

"ಮತ್ತ ನಿಮಗೂ ನನ್ನ ಕಾಗದಕ್ಕೂ ಏನ ಸಂಬಂಧ?"

ಅಮಸಿದ್ದಪ್ಪ ಗುರುತಿಗೆಂದು ಕಿಸೆಯಿಂದ ಒಂದು ಚೀಟಿ ತೆಗೆದ. ಗಿರಮಲ್ಲಪ್ಪ ಬರೆದ ನಾಯಿಯ ಸಾಲನ್ನು ಅಜಯ ಅದರ ಮೇಲೆ ಇಳಿಸಿಕೊಟ್ಟಿದ್ದ. ಗಿರಮಲ್ಲಪ್ಪ ಕೆಂಡವಾದ. "ಇದು ನಾ ಬೀಗರಿಗೆ ಬರದದ್ದು! ನಡು ದಾರ್ಯಾಗ ನಿಂತು ಮಂದಿ ಕಾಗದ ಓದ್ತೀರಿ? ನಡೀರಿ ಹೊರಗ!"

"ಅಲ್ರಿ, ಒಂದ ಮಾತು ಕೇಳ್ರಿ, ಉದ್ದಂದು ಬ್ಯಾಡ, ಸಣ್ಣ ಸಣ್ಣ..."

"ಹೊರಗ!"

ಅಮಸಿದ್ದಪ್ಪ ಬಂದ ಬಸ್ಸಿಗೇ ಹೋದ. ನಾನು "ಕೇಳಬೇಕಿತ್ತಲ್ಲೊ ಅಣ್ಣಾ" ಎಂದದ್ದಕ್ಕೆ ನನಗೂ ಬೈಗುಳ ಸಿಕ್ಕಿತು.

ಅದರ ಮರುದಿನ ಬೀಳಗಿಯಿಂದ ಬಂತು: 'ತಮಗೆ ಈ ಸಂಬಂಧದಲ್ಲಿ ಆಸಕ್ತಿ ಇದ್ದಂತಿಲ್ಲ. ಇದನ್ನು ಇಲ್ಲಿಗೇ ಬಿಡುವ ವಿಚಾರ ನಮ್ಮ ಮನೆಯಲ್ಲಿ ನಡೆದಿದೆ.'

ಪ್ರತಿಮಾ ಅಳಲೂ ಇಲ್ಲ, ಯಾರನ್ನೂ ಬೈಯಲೂ ಇಲ್ಲ. ಸುಮ್ಮನೆ ಉಣ್ಣುವುದನ್ನು ಬಿಟ್ಟಳು. ಮಾದೇವಿ ತಾಟು ಇಟ್ಟರೆ "ಹಸಿವಿಲ್ಲವ್ವಾ" ಎಂದು ಎದ್ದು ಹೋಗುವಳು. ಮಗಳು ಬಿಟ್ಟ ತಾಟನ್ನು ನೋಡಿ ಗಿರಮಲ್ಲಪ್ಪನಿಗೆ ಸಂಕಟವಾಯಿತು. ಸಂಕಟ ಸಿಟ್ಟಾಯಿತು, ಸಿಟ್ಟು ಪೇಢಿಗೆ ಬಂದು ಕಂಪ್ಯೂಟರಿನ ಮುಂದೆ ಕೂತಿತು. ಅವತ್ತು ಅವನು ಎಷ್ಟು ಜೋರಾಗಿ ಕೀಲಿಮಣೆ ಕುಟ್ಟಿದನೆಂದರೆ ನಾನು ಗಂಟು ಕಟ್ಟುವುದನ್ನು ಬಿಟ್ಟು ನೋಡಿದೆ. ಗುಂಡಿ ಒತ್ತಿ "ಹೋಗಲಿ!" ಎಂದ. ಮರುದಿನ ಸಿಟ್ಟು ಇಳಿದ ಮೇಲೆ ಹಣೆ ಹಣೆ ಬಡಿದುಕೊಂಡ. "ಕೆಟ್ಟೆ ದುರಗೇಶಾ, ಬಾಯಿಗೆ ಬಂದಂಗ ಬರದ ಕಳಿಸೇನಿ, ಮಗಳ ಬಾಳ್ವೆ ನನ್ನ ಕೈಯಾರೆ ಮುಗಿಸಿದೆ" ಎಂದು ಕಣ್ಣಲ್ಲಿ ನೀರು ತಂದ.

ಅಷ್ಟರಲ್ಲಿ ಫೋಟೋಗಳ ಕಾಟಕ್ಕೆ ಬೇಸತ್ತ ಸಾವಕಾರರು ಜಮಖಂಡಿಯಿಂದ ಮನೀಷಾ ಎಂಬ ಇಂಜಿನಿಯರ್ ಹುಡುಗಿಯನ್ನು ಕರೆಸಿದರು. ಅವಳೂ ಮೊದಲು ಸಾಹೇಬರ ಹಾಗೆಯೇ ಸಣ್ಣ ಸಂದೇಶ ಬಿಟ್ಟಳು, ಅದು ಹೋಗಿ ಬಂತು. ಆಮೇಲೆ ಸ್ವಲ್ಪ ದೊಡ್ಡದು ಬಿಟ್ಟಳು, ಬಂತು. ಇನ್ನೂ ದೊಡ್ಡದು ಬಿಟ್ಟಳು, ಪತ್ತೆಯೇ ಇಲ್ಲ.

"ಕಾಕಾ, ದೊಡ್ಡದು ನಡುವ ಎಲ್ಲೋ ಸಿಗಿಬೀಳಾಕತ್ತೈತ್ರಿ. ಆದ್ರ ಹಂಗ ಸಿಗಿಬಿದ್ರ ಅಲ್ಲಿ ಇರೂ ಯಂತ್ರ 'ಇದು ನಮ್ಮ ದಾರಿಗೆ ದೊಡ್ಡದಾತು, ಸಣ್ಣ ತುಂಡು ಮಾಡಿ ಕಳಸ್ರಿ' ಅಂತ ಸುದ್ದಿ ಕಳಸ್ತೈತಿ. ಅದು ಪದ್ಧತಿ. ಇಲ್ಲಿ ಆ ಸುದ್ದಿನೂ ಬಂದಿಲ್ಲ."

"ಬರಲಿಲ್ಲಂದ್ರ?" ಎಂದರು ಸಾವಕಾರರು.

"ಬಂದಿರಬೇಕ್ರಿ. ಯಾರೋ ಬಾಗಿಲದಾಗಿಂದನ ಹೊಳ್ಳಿ ಅಟ್ಯಾರ."

ಅವಳು ಪೆಟ್ಟಿಗೆಯ ಆಚೆ ಬದಿಯ ತಂತಿಗೆ ತನ್ನ ಲ್ಯಾಪ್‌ಟಾಪ್ ಹಚ್ಚಿ ಕೂತಳು. ಗಿರಮಲ್ಲಪ್ಪನ ಕಾಗದ ಮತ್ತೆ ಹೊರಡಲು ನೋಡಿದಾಗೆಲ್ಲ ಅಲ್ಲಿ ಒಂದು ಪುಟ್ಟ ದೋಷದ ಸಂದೇಶ ಬರುತ್ತಿತ್ತು, ಪೆಟ್ಟಿಗೆಯ ಈಚೆ ಬದಿಗೆ ಅದು ಕಾಣುತ್ತಲೇ ಇರಲಿಲ್ಲ. ಮನೀಷಾ ಚಪ್ಪಾಳೆ ತಟ್ಟಿದಳು.

"ಸಿಕ್ತು ನೋಡ್ರಿ! ಬೀಳಗಿಗೆ ಹೋದದ್ದಕ್ಕ ಬೀಳಗಿಯಿಂದ ಉತ್ತರ ಬಂದ್ರ ಈ ಪೆಟಗಿ ಒಳಗ ಬಿಡತೈತಿ. ಆದ್ರ ಈ ಸುದ್ದಿ ಬೀಳಗಿದಲ್ಲ, ನಡು ದಾರಿದು. ಮಾರಿ ನೋಡಿದ್ರ ಹೊರಗಿನವ. ಅದಕ್ಕ ಗುರುತಿಗೆ ನಿಮ್ಮ ಕಾಗದದ ಮ್ಯಾಲಿನ ತುಂಡು ಕೈಯಾಗ ಹಿಡಕೊಂಡ ಬಂದಿರತೈತಿ. ಪೆಟಗಿ ಆ ತುಂಡು ನೋಡಿ, 'ಹೌದು, ಇದು ನಮ್ಮ ಮನಿದು, ಇವಗೂ ನಮಗೂ ಸಂಬಂಧ ಐತಿ' ಅಂತ ಒಳಗ ಕರೀಬೇಕು. ಆದ್ರ ಯಾರೋ ಇದಕ್ಕ, ದೋಷದ ಮಾತು ಯಾರ ತಂದರೂ ಬಾಗಲಾ ತಗೀಬ್ಯಾಡ ಅಂತ ಹೇಳ್ಯಾರ್ರಿ."

ಪೇಢಿಯಲ್ಲಿ ಎಲ್ಲರೂ ಗಿರಮಲ್ಲಪ್ಪನನ್ನು ನೋಡಿದರು. ಅವನು ನನ್ನನ್ನು ನೋಡಿದ.

"ಬಾಡಗಂಡಿಯವರು ಚೀಟಿ ಹಿಡಕೊಂಡ ಬಂದಿದ್ರಲ್ಲೊ ಅಣ್ಣಾ" ಎಂದೆ.

ಗಿರಮಲ್ಲಪ್ಪ ಸೀರೆಯ ಗಂಟಿನ ಮೇಲೆ ಕುಸಿದು ಕೂತ. ಸಣ್ಣ ದನಿಯಲ್ಲಿ ಕೇಳಿದ: "ಹಂಗಾರ ಯವ್ವಾ, ನಾ ಬರದ ಉದ್ದ ಕಾಗದ ಒಂದೂ ಬೀಳಗಿಗೆ ಮುಟ್ಟಿಲ್ಲ?"

"ಒಂದೂ ಇಲ್ರಿ. ಎಲ್ಲಾ ಇಲ್ಲೇ ಕುಂತಾವು."

"ಬೈದದ್ದೂ ಮುಟ್ಟಿಲ್ಲ?"

"ಯಾವುದೂ ಇಲ್ರಿ."

ಅವನು ಎದ್ದು ನಿಂತ. ಮುಖದಲ್ಲಿ ಹಬ್ಬದ ಕಳೆ. "ಬೈದದ್ದೂ ಮುಟ್ಟಿಲ್ಲೋ ದುರಗೇಶಾ! ದೇವರು ದೊಡ್ಡಾಂವ! ಪೆಟಗಿಗೆ ಕುಂಕುಮ ಹಚ್ಚಿದ್ದು ಸಾರ್ಥಕ ಆತು!" ಎಂದು ನನ್ನನ್ನು ತಬ್ಬಿಕೊಂಡು ಕುಣಿದ.

ಅವನು ಕುಣಿಯುತ್ತಿರುವಾಗಲೇ ಮನೀಷಾ, ಸಂಬಂಧವಿದ್ದ ಸುದ್ದಿಯನ್ನು ಒಳಗೆ ಬಿಡು ಎಂದು ಪೆಟ್ಟಿಗೆಗೆ ಹೇಳಿ ಮುಗಿಸಿದಳು. ಚಕ್ರ ನಿಂತಿತು. 'ಕಳುಹಿಸಲಾಗಿದೆ' ಎಂದು ಒಂದು, ಅದರ ಬೆನ್ನಿಗೆ ಇನ್ನೊಂದು. ಸಾವಕಾರರ ಸೀರೆಗಳು ಹಾರಿದವು, ಪೇಢಿಯಲ್ಲಿ ಚಪ್ಪಾಳೆ ಬಿತ್ತು. ಪಾದಧೂಳಿ ಹೋಯಿತು, ಹೋಳಿಗೆ ಹೋಯಿತು. ಗಿರಮಲ್ಲಪ್ಪನೂ ಚಪ್ಪಾಳೆ ತಟ್ಟುತ್ತಿದ್ದವನು ಹಠಾತ್ತನೆ ಕಿರುಚಿದ.

"ನಿಲ್ಲಸ ಯವ್ವಾ! ಕಡೀದು ಬ್ಯಾಡ! ಕಡೀದು ಬ್ಯಾಡ!"

ನುಗ್ಗಿ ಹೋಗಿ ಕೈಗೆ ಸಿಕ್ಕ ವಾಯರನ್ನು ಕಿತ್ತ. ಅದು ಪರದೆಯ ವಾಯರು. ಪರದೆ ಕಪ್ಪಾಯಿತು, ಕಾಗದ ಹೋಯಿತು.

ಆಮೇಲೆ ನನ್ನ ಬೈಕಿನ ಹಿಂದೆ ಅವನು ಕೂತದ್ದು, "ಅವರು ಓದೂದ್ರಾಗ ಮುಟ್ಟಬೇಕೋ" ಎಂದು ದಾರಿಯುದ್ದಕ್ಕೂ ನನ್ನ ಬೆನ್ನು ಗುದ್ದಿದ್ದು. ಜಮಖಂಡಿ ದಾಟಿದರೆ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ದಾರಿ ಬಿಡಲೊಲ್ಲವು. ಬೀಳಗಿಯ ಮಾಸ್ತರರ ಮನೆ ಮುಟ್ಟುವ ಹೊತ್ತಿಗೆ ಪಡಸಾಲೆಯಲ್ಲಿ ಮಂದಿ ಕೂಡಿತ್ತು. ನಡುವೆ ಸಿದ್ದಾರೂಢ ಮಾಸ್ತರರು ಕುರ್ಚಿಯಲ್ಲಿ ಕೂತು, ಫೋನನ್ನು ದೂರ ಹಿಡಿದು, ಗಟ್ಟಿಯಾಗಿ ಓದುತ್ತಿದ್ದರು. ಅವರ ಹೆಂಡತಿ ಯಲ್ಲಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿದ್ದರು. ಅಜಯ ಕಂಬದ ಹಿಂದೆ ನಿಂತಿದ್ದ.

"ಬರ್ರಿ ಗಿರಮಲ್ಲಪ್ಪನವರ, ಕುಂಡ್ರ್ರಿ. ಹೋಳಿಗಿ ಪುಟದಾಗ ಅದೀವಿ" ಎಂದರು ಮಾಸ್ತರರು. ದನಿಯಲ್ಲಿ ಪ್ರೀತಿ ತುಂಬಿತ್ತು. "ಎಂಥಾ ಸಂಭಾವಿತರನ್ನ ನಾವು ತಪ್ಪು ತಿಳಕೊಂಡಿದ್ವಿ. ಇನ್ನೊಂದ ಉಳದೈತಿ, ಅದನ್ನೂ ಓದಿ ಬಿಡ್ತೇನಿ."

"ಅದು ಬ್ಯಾಡ್ರಿ ಮಾಸ್ತರ!" ಎಂದ ಗಿರಮಲ್ಲಪ್ಪ.

"ಯಾಕ್ರಿ?"

"ಅದರಾಗ... ವ್ಯಾಕರಣ ತಪ್ಪೈತ್ರಿ."

ಹೆಡ್‌ಮಾಸ್ತರರಿಗೆ ಹೇಳಬಾರದ ಮಾತು ಯಾವುದೋ ಅದನ್ನೇ ಹೇಳಿದ್ದ. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು:

'ಮಾಸ್ತರ, ನಮಸ್ಕಾರ ಗಿಮಸ್ಕಾರ ಇಲ್ಲ. ನಿಮ್ಮ ಕ್ಷೇಮ ಕೇಳಿ ಕೇಳಿ ನನ್ನ ಬೆರಳು ಸವೆದವು. ನೀವು ಒಂದು ಸಲವಾದರೂ ನಮ್ಮ ಕ್ಷೇಮ ಕೇಳಿದಿರೇನು? ಕೇಳಿದ್ದರೆ ಹೇಳುತ್ತಿದ್ದೆ, ಕ್ಷೇಮ ಇಲ್ಲ. ನನ್ನ ಮಗಳು ಉಣ್ಣುವುದನ್ನು ಬಿಟ್ಟಿದ್ದಾಳೆ. ಸಣ್ಣವಳಿದ್ದಾಗ ರೊಟ್ಟಿ ಬೇಯುವ ತನಕ ತಡೆಯದೆ ಹಸಿ ಹಿಟ್ಟು ತಿನ್ನುತ್ತಿದ್ದ ಹುಡುಗಿ ಅವಳು. ಈಗ ಹಸಿವಿಲ್ಲ ಅನ್ನುತ್ತಾಳೆ. ನಿಮ್ಮ ಮಗನನ್ನು ಮೆಚ್ಚಿದ್ದು ಅವಳ ತಪ್ಪು, ನಿಮ್ಮಂಥ ಅಪ್ಪನಿಗೆ ಹುಟ್ಟಿದ್ದು ಅವನ ತಪ್ಪು. ನಮ್ಮ ನಾಯಿ ನಿಮಗಿಂತ ಎಷ್ಟೋ ಛಲೋ, ಕರೆದರೆ ತಿರುಗಿಯಾದರೂ ನೋಡುತ್ತದೆ. ಅವಳ ಸಲುವಾಗಿ ನಾನು ಬೀಳಗಿಗೆ ಬಂದು ನಿಮ್ಮ ಕಾಲು ಹಿಡಿಯಲಿಕ್ಕೂ ತಯಾರಿದ್ದೇನೆ. ಆದರೆ ಹಿಡಿದ ಕಾಲನ್ನು ಎಳೆಯಲಿಕ್ಕೂ ನನಗೆ ಬರುತ್ತದೆ, ತಿಳಿದಿರಲಿ.'

ಗಿರಮಲ್ಲಪ್ಪ "ತಪ್ಪಾತ್ರಿ ಮಾಸ್ತರ" ಎಂದು ಬಾಗಿ ಕಾಲಿಗೆ ಕೈ ಚಾಚಿದ. ಮಾಸ್ತರರು ಗಾಬರಿಯಾಗಿ ಎರಡೂ ಕಾಲು ಕುರ್ಚಿಯ ಮೇಲೆ ಎಳೆದುಕೊಂಡರು.

"ಹುಡುಗಿ ಉಣ್ಣೂದ ಬಿಟ್ಟಾಳಂತ" ಎಂದರು ಯಲ್ಲಕ್ಕ ಬಾಗಿಲಿನಿಂದ. "ನೀವಿಲ್ಲಿ ಕುಂತು ಓದಾಕತ್ತೀರಿ."

"ನಾಯಿ ಅಂದಾರಲ್ಲ ನನಗ" ಎಂದರು ಮಾಸ್ತರರು.

"ನಾಯಿ ಛಲೋ ಅಂದಾರ. ನಿಮ್ಮನ್ನ ನಾಯಿ ಅಂದಿಲ್ಲ. ಆ ಹೋಳಿಗಿ ಕಾಗದ ಕೇಳಿ ನನಗ ನಿದ್ದಿ ಬಂದಿತ್ತು. ಇದೊಂದು ಖರೆ ಕಾಗದ. ಅಜಯಾ, ಗಾಡಿ ತಗಿ."

ಮಾಸ್ತರರು ಇನ್ನೂ ಕಾಲು ಇಳಿಸಿರಲಿಲ್ಲ. ಅಲ್ಲಿಂದಲೇ ಮತ್ತೊಮ್ಮೆ ಫೋನನ್ನು ನೋಡಿ, "ಕ್ಷೇಮ ಕೇಳಿಲ್ಲ ಅಂತ ಬರದಾರ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಅದು ಖರೆ ಐತಿ. ನಾ ಕೇಳಿಲ್ಲ." ಎದ್ದು ಟೊಪ್ಪಿಗೆ ಹಾಕಿಕೊಂಡರು.

ನಾವು ಬನಹಟ್ಟಿ ಮುಟ್ಟಿದಾಗ ಮಾದೇವಿ ದೀಪ ಹಚ್ಚುತ್ತಿದ್ದಳು. ಬೀಗರು ಹೇಳದೆ ಕೇಳದೆ ಬಂದದ್ದು ನೋಡಿ ಅವಳ ಕೈಯಿಂದ ಕಡ್ಡಿಪೆಟ್ಟಿಗೆ ಬಿತ್ತು. ಯಲ್ಲಕ್ಕ ಯಾರನ್ನೂ ಮಾತಾಡಿಸದೆ ನೆಟ್ಟಗೆ ಅಡುಗೆಮನೆಗೆ ನಡೆದು, ಬುಟ್ಟಿಯೊಳಗಿನ ರೊಟ್ಟಿ ತಾವೇ ತೆಗೆದು, ಬದನೆಕಾಯಿ ಪಲ್ಯ ಹಾಕಿಕೊಂಡು, ಮೂಲೆಯಲ್ಲಿ ಕೂತಿದ್ದ ಪ್ರತಿಮಾಳ ಮುಂದೆ ಕೂತರು. ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಬಾಗಿಲಲ್ಲಿ ನಿಂತ ಅಪ್ಪನನ್ನು ನೋಡಿದಳು, ಅವನ ಹಿಂದೆ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ ಮಾಸ್ತರರನ್ನು ನೋಡಿದಳು.

"ಕ್ಷೇಮ ಇದ್ದೀಯೇನವ್ವಾ?" ಎಂದರು ಮಾಸ್ತರರು.

ಯಲ್ಲಕ್ಕ ತುತ್ತು ಮುರಿದು ಅವಳ ಬಾಯಿಯ ಹತ್ತಿರ ಹಿಡಿದರು.

"ಉಣ್ಣ ಯವ್ವಾ. ನಿಮ್ಮಪ್ಪನ ಕಾಗದ ಮುಟ್ಟೇತಿ."